ಟೀಮ್ ಔಟಿಂಗ್‌ಗೆ ಬೆಂಗಳೂರು ಕೋಟೆ, ಹೋಗೋ ಪ್ಲಾನ್ ಇರೋರಿಗೆ ಒಂದಿಷ್ಟು

ಲೀಡರ್‌ಶಿಪ್ ಟ್ರೈನಿಂಗ್ ಅಂತ ರೆಸಾರ್ಟ್‌ಗೆ ದುಡ್ಡು ಸುರಿಯೋ ಬದ್ಲು ಈ ಸಲ ಆಫೀಸ್‌ನೋರೆಲ್ಲ ಕೆ.ಆರ್. ಮಾರ್ಕೆಟ್ ಹತ್ರದ ಕೋಟೆಗೆ ಹೋಗಿದ್ವಿ. ನೀವು ಹೋಗೋದಾದ್ರೆ ಕಾರ್ ಮಾತ್ರ ತರ್ಬೇಡಿ, ಪಾರ್ಕಿಂಗ್ ಹುಡ್ಕೋದ್ರಲ್ಲೇ ಬೆಳಗ್ಗೆ ಮುಗಿದೋಗತ್ತೆ, ಗ್ರೀನ್ ಲೈನ್ ಮೆಟ್ರೋದಲ್ಲಿ ಮಾರ್ಕೆಟ್ ಸ್ಟೇಷನ್‌ಗೆ ಬಂದ್ರೆ ಕೋಟೆ ಪಕ್ಕದಲ್ಲೇ. ಟಿಕೆಟ್ ಇಲ್ಲ. ಚಿತ್ರದುರ್ಗದ ಥರ ಇರತ್ತೆ ಅನ್ಕೊಂಡು ಬಂದ್ರೆ ಬೇಜಾರಾಗತ್ತೆ, ಉಳಿದಿರೋದು ಡೆಲ್ಲಿ ಗೇಟ್, ಸ್ವಲ್ಪ ಗೋಡೆ, ಒಳಗೊಂದು ಗಣಪತಿ ಗುಡಿ ಅಷ್ಟೇ, ಹಂಗಾಗಿ ಕಥೆ ತಿಳ್ಕೊಂಡೇ ಬರ್ಬೇಕು.

1791ರ ಮಾರ್ಚ್ 7ಕ್ಕೆ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಸೈನ್ಯ ಟಿಪ್ಪು ಕೈಲಿದ್ದ ಬೆಂಗಳೂರಿನ ಪೇಟೆ, ಅಂದ್ರೆ ಕೋಟೆ ಪಕ್ಕದ ಊರು ಹಿಡೀತು, 21ರ ರಾತ್ರಿ ಬೆಳದಿಂಗಳಲ್ಲಿ ಕೋಟೆಗೆ ನುಗ್ತು. ಫಿರಂಗಿಲಿ ಗೋಡೆ ಒಡೆದು ನುಗ್ಗಿದ ಜಾಗ ಇದೇ ಅಂತ ಒಂದು ಫಲಕ ಇದೆ, ಬಸ್ ಹಾರನ್ ಗಲಾಟೆಲಿ ಯಾರೂ ತಿರುಗೂ ನೋಡಲ್ಲ, ನೀವು ಮಿಸ್ ಮಾಡ್ಬೇಡಿ. ಕೋಟೆ ಕಾಯೋ ಮುಖ್ಯಸ್ಥ, ಅಂದ್ರೆ ಕಿಲ್ಲೇದಾರ್ ಬಹದ್ದೂರ್ ಖಾನ್ ಹೋರಾಡ್ತಾನೇ ಸತ್ತ. ಟಿಪ್ಪು ಸೈನ್ಯ ದೂರ ಏನಿರ್ಲಿಲ್ಲ, ಆದ್ರೂ ಟೈಮಿಗೆ ಬಂದು ಸೇರಕ್ಕಾಗ್ಲಿಲ್ಲ.

ಎಲ್ರೂ ಕಥೆನ ಇಲ್ಲಿಗೇ ನಿಲ್ಸಿ ಧೈರ್ಯ ಗೀರ್ಯ ಅಂತ ಪಾಠ ತೆಗೀತಾರೆ, ನಂಗೆ ಕೇಳಿದ್ರೆ ಅಸಲಿ ವಿಷ್ಯ ಇರೋದು ಆಮೇಲೆ. ಗೆದ್ದ ಜೋಶಲ್ಲಿ ಕಾರ್ನ್‌ವಾಲಿಸ್ ಮೇ ತಿಂಗ್ಳಲ್ಲಿ ಶ್ರೀರಂಗಪಟ್ಟಣದ ತನಕ ಹೋದ, ಅರಕೆರೆ ಹತ್ರ ಯುದ್ಧಾನೂ ಗೆದ್ದ, ಆದ್ರೆ ಎತ್ತುಗಳಿಗೆ ಮೇವಿಲ್ಲ, ಸಿಪಾಯಿಗಳಿಗೆ ಅಕ್ಕಿ ಇಲ್ಲ, ಎಳೆಯೋ ಎತ್ತುಗಳೇ ಸತ್ಮೇಲೆ ದೊಡ್ಡ ಫಿರಂಗಿಗಳನ್ನ ತಾನೇ ಹಾಳುಮಾಡಿ ವಾಪಸ್ ಬಂದ. ಆಮೇಲೆ ಬುದ್ಧಿ ಬಂತು. ಬೆಂಗಳೂರನ್ನೇ ಉಗ್ರಾಣ ಮಾಡ್ಕೊಂಡ, ಎತ್ತುಗಳ ಮೇಲೆ ಸರಕು ಸಾಗಿಸೋ ಬಂಜಾರರ ಕೈಲಿ ಧಾನ್ಯ ತರಿಸ್ದ, ನಂದಿದುರ್ಗ, ಸಾವನದುರ್ಗ ಹಿಡ್ಕೊಂಡು ದಾರಿ ಭದ್ರ ಮಾಡ್ಕೊಂಡ, 1792ರ ಫೆಬ್ರವರಿಲಿ ಮತ್ತೆ ಹೋದ. ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಒಪ್ಕೊಂಡು, ಇಬ್ರು ಗಂಡುಮಕ್ಕಳನ್ನ ಒತ್ತೆ ಇಡ್ಬೇಕಾಯ್ತು. ಡೆಡ್‌ಲೈನ್ ಡೆಡ್‌ಲೈನ್ ಅಂತ ಕೂಗೋ ಮ್ಯಾನೇಜರ್‌ನ ಈ ಫಲಕದ ಮುಂದೆ ನಿಲ್ಸಿ ಎತ್ತಿನ ಕಥೆ ಹೇಳಿ, ನಮ್ಮಲ್ಲಂತೂ ಚರ್ಚೆ ಜೋರಾಗೇ ನಡೀತು.

ಅಲ್ಲಿಂದ ನಡ್ಕೊಂಡೇ ಕೋಟೆ ವೆಂಕಟರಮಣ ದೇವಸ್ಥಾನಕ್ಕೆ ಹೋಗಿ, ಮಧ್ಯಾಹ್ನ ಬಾಗ್ಲು ಹಾಕ್ತಾರೆ, ಅದಕ್ಕೇ ಟಿಪ್ಪು ಬೇಸಿಗೆ ಅರಮನೆ ಆಮೇಲೆ ಇಟ್ಕೊಳಿ, ಅಲ್ಲಿ ಟಿಕೆಟ್ ಇದೆ. ಆಗ ಇವೆರಡೂ ಕೋಟೆ ಒಳಗೇ ಇದ್ವು, ಗೇಟಿಂದ ಇಲ್ಲಿವರ್ಗೂ ನಡೆದ್ರೆ ಕೋಟೆ ಎಷ್ಟು ದೊಡ್ಡದಿತ್ತು ಅಂತ ಕಾಲಿಗೇ ಗೊತ್ತಾಗತ್ತೆ. ಇನ್ನೂ ಹುಮ್ಮಸ್ಸಿದ್ರೆ ಇನ್ನೊಂದಿನ ಸಾವನದುರ್ಗ ಹತ್ತಿ, ನೀರು ಜಾಸ್ತಿ ಇಟ್ಕೊಳಿ, ಮಳೇಲಿ ಮಾತ್ರ ಬೇಡ, ಬಂಡೆ ಸಿಕ್ಕಾಪಟ್ಟೆ ಜಾರತ್ತೆ.