ದೊಡ್ಡ ವೃತ್ತದಿಂದ ಸಣ್ಣ ವೃತ್ತ
ಉಡುಪಿ, 21 ಜುಲೈ 2024, ಆದಿತ್ಯವಾರ

ಪರಿಭ್ರಮಣ ಘನದ (ಒಂದು ಜಾಗವನ್ನು ಗೆರೆಯ ಸುತ್ತ ತಿರುಗಿಸಿದರೆ ಸಿಗುವ ಘನಾಕೃತಿಯ) ಲೆಕ್ಕ ಅಂದರೆ ಮಕ್ಕಳು ಸೀದಾ ಸೂತ್ರಕ್ಕೆ ಕೈ ಹಾಕುತ್ತಾರೆ, ಚಿತ್ರ ಬರೆಯುವುದೇ ಇಲ್ಲ. ಇವತ್ತು ಅಕ್ಕನ ಮಗಳು ನೋಟ್ಸ್ ಹಿಡಿದುಕೊಂಡು ಬಂದಿದ್ದಳು. ಬಿಎಸ್ಸಿ ಮೊದಲ ವರ್ಷ. ಹೊರಗೆ ಜೋರು ಮಳೆ, ಎಲ್ಲಿಗೂ ಹೋಗುವ ಹಾಗಿಲ್ಲ, ಊಟದ ಮೇಜಲ್ಲೇ ಕೂತೆವು.

ಲೆಕ್ಕ ಇಷ್ಟು. ವೈ ಸಮ ಎಕ್ಸ್ ಎಂಬ ಗೆರೆ, ವೈ ಸಮ ಎಕ್ಸ್ ವರ್ಗ ಎಂಬ ವಕ್ರರೇಖೆ, 0ಯಿಂದ 1ರವರೆಗೆ ಇವೆರಡರ ನಡುವೆ ಸಿಗುವ ಜಾಗ. ಅದನ್ನು ಎಕ್ಸ್ ಅಕ್ಷದ ಸುತ್ತ ತಿರುಗಿಸಿದರೆ ಘನಫಲ ಎಷ್ಟು? ಅವಳು ಮೇಲಿನ ಎತ್ತರದಿಂದ ಕೆಳಗಿನದನ್ನು ಕಳೆದು, ಬಂದದ್ದನ್ನು ವರ್ಗ ಮಾಡಿದ್ದಳು. ಉತ್ತರ ಪೈ/30. ತುಂಬಾ ಜನ ಎಡವುವುದು ಇಲ್ಲೇ.

ಆ ಜಾಗದ ನೆಟ್ಟಗಿನ ಒಂದೊಂದು ಸಣ್ಣ ಪಟ್ಟಿಯೂ ಎಕ್ಸ್ ಅಕ್ಷದ ಸುತ್ತ ತಿರುಗಿದಾಗ ನಡುವೆ ತೂತಿರುವ ವಾಶರ್ ಆಗುತ್ತದೆ. ಹಾಗಾಗಿ ಡ್ರಾಯರಿನಲ್ಲಿದ್ದ ನಲ್ಲಿಯ ವಾಶರ್ ಒಂದನ್ನು ಸ್ಕೇಲಿನ ಜೊತೆ ಅವಳ ಕೈಗಿಟ್ಟೆ. ಹೊರಗಿನ ತ್ರಿಜ್ಯ 10 ಮಿಲಿಮೀಟರ್, ತೂತಿನದು 4.

“ರಬ್ಬರ್ ಇರುವ ಜಾಗ ಎಷ್ಟು ಹೇಳು.”

100ರಲ್ಲಿ 16 ಹೋದರೆ 84, ಅಂದರೆ 84 ಪೈ.

“ನಿನ್ನ ನೋಟ್ಸಿನ ಲೆಕ್ಕದಲ್ಲಿ?”

6ರ ವರ್ಗ, 36 ಪೈ. “ಅಯ್ಯೋ ಚಿಕ್ಕಮ್ಮ, ಅದು ತೂತೇ ಇಲ್ಲದ ಸಣ್ಣ ಬಿಲ್ಲೆ ಅಲ್ವಾ!”

ಮತ್ತೆ ನಾನು ಏನೂ ಹೇಳಬೇಕಾಗಲಿಲ್ಲ. ಎರಡು ವರ್ಗಗಳನ್ನು ಬೇರೆ ಬೇರೆ ಮಾಡಿ, 0ಯಿಂದ 1ರವರೆಗೆ ಇಂಟಿಗ್ರೇಟ್ ಮಾಡಿ (ಪಟ್ಟಿಗಳನ್ನೆಲ್ಲ ಕೂಡಿಸಿ) ಕಳೆದಳು: 1/3ರಲ್ಲಿ 1/5 ಹೋಗಿ 2/15, ಘನಫಲ 2ಪೈ/15. ಮೊದಲಿನ ಉತ್ತರದ ನಾಲ್ಕು ಪಟ್ಟು.

ನನಗೆ ತುಂಬಾ ಇಷ್ಟ ಆಗುವುದು ಇದರ ಮುಂದಿನ ಭಾಗ. ಅದೇ ಜಾಗವನ್ನು ವೈ ಅಕ್ಷದ ಸುತ್ತ ತಿರುಗಿಸಿ ನೋಡಿ. ನೆಟ್ಟಗೆ ನಿಂತ ಪಟ್ಟಿ ಈಗ ವಾಶರ್ ಆಗುವುದಿಲ್ಲ, ತೆಳ್ಳಗಿನ ಟೊಳ್ಳು ಕೊಳವೆ ಆಗುತ್ತದೆ. ಸುತ್ತಳತೆ 2ಪೈ ಎಕ್ಸ್, ಅದಕ್ಕೆ ಎತ್ತರ ಗುಣಿಸಿ ಇಂಟಿಗ್ರೇಟ್ ಮಾಡಿದರೆ ಪೈ/6. ಜಾಸ್ತಿ ಬಂತು! ತಿರುಗಿಸಿದ್ದು ಅದೇ ಜಾಗ, ಮತ್ತೆ ಯಾಕೆ ಹೀಗೆ ಅಂತ ಅವಳೇ ಕೇಳಿದಳು, ಆ ಪ್ರಶ್ನೆ ಬಂದದ್ದು ನನಗೆ ನಿಜವಾಗಿ ಖುಷಿ.

4ನೇ ಶತಮಾನದ ಅಲೆಕ್ಸಾಂಡ್ರಿಯಾದ ಪ್ಯಾಪಸ್ ಹೆಸರಿನಲ್ಲಿ ಇದಕ್ಕೊಂದು ಪ್ರಮೇಯ ಇದೆ. ವಿಸ್ತೀರ್ಣವನ್ನು ಆ ಜಾಗದ ಕೇಂದ್ರಬಿಂದು (ಅದರ ಎಲ್ಲ ಬಿಂದುಗಳ ಸರಾಸರಿ ಸ್ಥಾನ) ಸುತ್ತುವ ದೂರದಿಂದ ಗುಣಿಸಿದರೆ ಘನಫಲ. ಇಲ್ಲಿ ವಿಸ್ತೀರ್ಣ 1/6. ಕೇಂದ್ರಬಿಂದು ವೈ ಅಕ್ಷದಿಂದ 1/2 ದೂರ, ಎಕ್ಸ್ ಅಕ್ಷದಿಂದ 2/5 ಮಾತ್ರ. ಹತ್ತಿರ ಇದ್ದಷ್ಟು ಸುತ್ತುವ ದಾರಿ ಕಡಿಮೆ. ಗುಣಿಸಿ ನೋಡಿದರೆ ಎರಡೂ ಉತ್ತರ ಸರಿಯಾಗಿ ಕೂರುತ್ತವೆ.

ಕೊನೆಗೆ ಅವಳು ಅಕ್ಷವನ್ನೇ ಕೆಳಗಿಳಿಸಿ, ವೈ ಸಮ ಮೈನಸ್ 1ರ ಸುತ್ತ ತಿರುಗಿಸಿದಳು. ವಾಶರ್ ದಾರಿಯಲ್ಲೂ ಪ್ಯಾಪಸ್ ದಾರಿಯಲ್ಲೂ 7ಪೈ/15 ಬಂತು.