‘ಮರಿ ಗೋಸುಂಬೆ ಏನೂ ತಿಂತಿಲ್ಲ, ಏನು ಕೊಡಲಿ?’

ಪ್ರಶ್ನೆ ಯಾವಾಗಲೂ ಇದೇ ರೂಪದಲ್ಲಿ ಬರುತ್ತದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಆದ್ದರಿಂದ ಬರೆದಿಡುತ್ತಿದ್ದೇನೆ. ಸದ್ಯಕ್ಕೆ ಏನೂ ಕೊಡಬೇಡಿ. ಮೊದಲು ಥರ್ಮಾಮೀಟರ್ ಹುಡುಕಿ.

ನನ್ನ ತಕರಾರು ‘ತಿಂತಿಲ್ಲ’ ಅನ್ನುವುದರ ಬಗ್ಗೆ ಅಲ್ಲ, ‘ಏನು ಕೊಡಲಿ’ ಅನ್ನುವುದರ ಬಗ್ಗೆ. ಹಾಗೆ ಕೇಳುವವರು ತೊಂದರೆ ಇರುವುದು ಊಟದಲ್ಲೇ ಎಂದು ಆಗಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ಕೋಣ ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ಸಕ್ಕರೆ ನೀರು, ಜೇನುತುಪ್ಪ, ಮಕ್ಕಳ ಸೆರೆಲ್ಯಾಕ್, ಮನುಷ್ಯರ ವಿಟಮಿನ್ ಡ್ರಾಪ್ಸ್, ಎಲ್ಲ ಒಂದು ಸುತ್ತು ಆದಮೇಲೆ ನನ್ನ ಹತ್ತಿರ ಬರುತ್ತಾರೆ. ಆರೋಗ್ಯವಾಗಿರುವ ಒಂದೆರಡು ತಿಂಗಳ ಮರಿ ಶುದ್ಧ ಹೊಟ್ಟೆಬಾಕ. ದಿನಕ್ಕೆ ಹದಿನೈದು ಇಪ್ಪತ್ತು ಪುಟ್ಟ ಹುಳ ನುಂಗುತ್ತದೆ. ಅಂಥದ್ದು ತಿನ್ನುವುದನ್ನು ಬಿಟ್ಟಿದೆ ಎಂದರೆ ರುಚಿ ಹಿಡಿಸಲಿಲ್ಲ ಎಂದಲ್ಲ. ಜೀರ್ಣವಾಗುತ್ತಿಲ್ಲ, ಕಣ್ಣು ಕಾಣುತ್ತಿಲ್ಲ, ನಾಲಿಗೆ ಏಳುತ್ತಿಲ್ಲ, ಇಲ್ಲವೇ ಹೆದರಿಕೆ. ಹೆಚ್ಚಾಗಿ ಈ ನಾಲ್ಕರಲ್ಲಿ ಒಂದು.

ಎಷ್ಟು ದಿನ ಕಾಯಬಹುದು? ಬೆಳೆದ ಗೋಸುಂಬೆ ಒಂದು ವಾರ ಉಪವಾಸ ಕೂತರೂ ನಡೆಯುತ್ತದೆ. ಮೂರು ತಿಂಗಳೊಳಗಿನ ಮರಿಗೆ ಆ ಪುರುಸೊತ್ತು ಇಲ್ಲ. ಮೊದಲ ದಿನ ಗಮನಿಸಿ, ಎರಡನೇ ದಿನ ಗೂಡು ಸರಿಮಾಡಿ, ಮೂರನೇ ದಿನ ವೈದ್ಯರ ಹತ್ತಿರ ಹೋಗಿ. ಪೊರೆ ಬಿಡುವಾಗ ಒಂದು ದಿನ ತಿನ್ನದಿದ್ದರೆ ಅದು ಬೇರೆ ಲೆಕ್ಕ. ಹಗಲಲ್ಲಿ ಕಣ್ಣು ಮುಚ್ಚಿ ಕೂತಿದ್ದರೆ, ಕೊಂಬೆ ಬಿಟ್ಟು ಗೂಡಿನ ತಳದಲ್ಲಿ ಬಿದ್ದಿದ್ದರೆ ಇವತ್ತೇ ಹೊರಡಿ, ಈ ಬರಹ ಆಮೇಲೆ ಓದಿ. ಗೋಸುಂಬೆ ಹಗಲು ನಿದ್ದೆ ಮಾಡುವ ಪ್ರಾಣಿಯಲ್ಲ. ‘ಪಾಪ, ಸುಸ್ತಾಗಿ ಮಲಗಿದೆ’ ಎಂದು ಫೋಟೊ ಕಳಿಸುತ್ತಾರಲ್ಲ, ಆ ಫೋಟೊದಲ್ಲಿರುವುದು ಕಾಯಿಲೆ.

ಈಗ ಬಿಸಿ. ಗೋಸುಂಬೆಗೆ ಮೈಬಿಸಿ ಸ್ವಂತದ್ದಲ್ಲ, ಬಲ್ಬಿನಿಂದ ಸಾಲ ತರಬೇಕು. ಮೈ ತಣ್ಣಗಿದ್ದರೆ ಹೊಟ್ಟೆ ಕೆಲಸ ಮಾಡುವುದಿಲ್ಲ, ನುಂಗಿದ ಹುಳ ಒಳಗೇ ಕೊಳೆಯುತ್ತದೆ, ಹಸಿವು ಸಾಯುತ್ತದೆ. ಸಾಕುವವರ ಬಳಿ ಹೆಚ್ಚಾಗಿ ಇರುವುದು ಯೆಮೆನ್ ಮೂಲದ ವೇಲ್ಡ್ ಜಾತಿ, ಇಲ್ಲವೇ ಮಡಗಾಸ್ಕರ್‌ನ ಪ್ಯಾಂಥರ್ ಜಾತಿ. ಎರಡರ ಮರಿಗೂ ಬಲ್ಬಿನ ಕೆಳಗಿನ ಕೊಂಬೆಯಲ್ಲಿ 27ರಿಂದ 29 ಡಿಗ್ರಿ ಸೆಲ್ಸಿಯಸ್, ಉಳಿದ ಕಡೆ 22ರಿಂದ 24, ರಾತ್ರಿ 18–20 ಇದ್ದರೆ ಸಾಕು. ಗೂಡಿನ ಗೋಡೆಗೆ ಅಂಟಿಸುವ ಗುಂಡು ಮೀಟರ್ ನಂಬಬೇಡಿ, ಅದು ಹೇಳುವುದು ಗೋಡೆಯ ಬಿಸಿ. ವೈರ್ ಇರುವ ಡಿಜಿಟಲ್ ಮೀಟರ್ ತಂದು, ಅದರ ತುದಿಯನ್ನು ಮರಿಯ ಬೆನ್ನು ಬರುವ ಎತ್ತರಕ್ಕೆ ಕಟ್ಟಿ. ಕೊಂಬೆಗೂ ಬೆನ್ನಿಗೂ ಇರುವ ಒಂದೆರಡು ಸೆಂಟಿಮೀಟರ್‌ನಲ್ಲೇ ಡಿಗ್ರಿಗಳು ಏರುತ್ತವೆ.

ಜಾಸ್ತಿ ಬಿಸಿಯೂ ಅಷ್ಟೇ ಕೆಟ್ಟದ್ದು. ದೊಡ್ಡ ಪ್ರಾಣಿಗೆ ಹೇಳಿದ ಬಲ್ಬನ್ನು ಎರಡು ಮೂರು ಗ್ರಾಂ ತೂಗುವ ಮರಿಯ ತಲೆ ಮೇಲೆ ಇಟ್ಟರೆ ಅದು ಕಾಯುವುದಿಲ್ಲ, ಬೇಯುತ್ತದೆ. ಅಳತೆ ಸಿಗುವವರೆಗೆ ಬಣ್ಣ ನೋಡಿ. ಚಳಿಯಾದರೆ ಮೈ ಕಪ್ಪಾಗುತ್ತದೆ, ಪಕ್ಕೆಯನ್ನು ಚಪ್ಪಟೆ ಮಾಡಿ ಬಲ್ಬಿನ ಕಡೆ ತಿರುಗಿಸುತ್ತದೆ. ಸೆಕೆಯಾದರೆ ಬಿಳಚಿಕೊಂಡು ಬಾಯಿ ತೆರೆಯುತ್ತದೆ. (ನಾವು ಗೋಸುಂಬೆ ಎಂದು ಯಾರನ್ನೋ ಬೈಯುತ್ತೇವೆ, ಪಾಪ ಇದು ಮೈಯಲ್ಲಿ ಇರುವುದನ್ನೇ ಹೇಳುತ್ತದೆ. ಸುತ್ತಲಿನ ಬಣ್ಣಕ್ಕೆ ತಕ್ಕಂತೆ ವೇಷ ಹಾಕುತ್ತದೆ ಅನ್ನುವುದು ಬಹುಪಾಲು ಕಟ್ಟುಕತೆ.)

ಆಮೇಲೆ ನೀರು. ಬಟ್ಟಲಲ್ಲಿ ನಿಂತ ನೀರು ಗೋಸುಂಬೆಗೆ ನೀರಾಗಿ ಕಾಣುವುದೇ ಕಮ್ಮಿ. ಎಲೆ ಮೇಲೆ ಮಿನುಗುವ, ಉರುಳುವ ಹನಿ ಬೇಕು. ಬೆಳಿಗ್ಗೆ ಲೈಟು ಹಾಕುವ ಮುನ್ನ ಎರಡು ಮೂರು ನಿಮಿಷ, ರಾತ್ರಿ ಲೈಟು ಆರಿದ ಮೇಲೆ ಇನ್ನೊಮ್ಮೆ ನುಣ್ಣಗಿನ ಸ್ಪ್ರೇ ಹೊಡೆಯಿರಿ, ಮರಿಯ ಮುಖಕ್ಕಲ್ಲ, ಎಲೆಗಳಿಗೆ. ಹಗಲಲ್ಲಿ ಗೂಡು ಒಣಗಲೇಬೇಕು. ಸದಾ ಒದ್ದೆಯಿದ್ದರೆ ಎದೆಗೆ ಸೋಂಕು ಹತ್ತುತ್ತದೆ. ಕುಡಿಯುತ್ತಿದೆಯೋ ಇಲ್ಲವೋ ಎಂದು ನನ್ನನ್ನು ಕೇಳಬೇಡಿ, ಹಿಕ್ಕೆಯನ್ನು ಕೇಳಿ. ಅದರಲ್ಲಿ ಕಂದು ಭಾಗದ ಜೊತೆ ಒಂದು ಬಿಳಿ ಗಟ್ಟಿ ತುಣುಕು ಇರುತ್ತದೆ, ಅದೇ ಇದರ ಮೂತ್ರ. ಬೆಳ್ಳಗಿದ್ದರೆ ಸರಿ, ತುದಿ ಸ್ವಲ್ಪ ಹಳದಿಯಾದರೂ ಪರವಾಗಿಲ್ಲ. ಪೂರ್ತಿ ಕಿತ್ತಳೆ ಬಣ್ಣವಾಗಿ, ಕಣ್ಣಿನ ಗೋಪುರ ಒಳಗೆ ಕುಸಿದಿದ್ದರೆ ಮೈ ಒಣಗಿದೆ ಎಂದರ್ಥ. ಒಣಗಿದ ಮೈಗೆ ಊಟ ಬೇಡ.

ಇಲ್ಲಿ ಕೆಲವರು ಡ್ರಾಪರ್ ತರುತ್ತಾರೆ. ಬಾಯಿ ಬಿಡಿಸಿ ಹನಿಸಬೇಡಿ. ಶ್ವಾಸನಾಳದ ಬಾಯಿ ಅಲ್ಲೇ, ಬಾಯಿಯ ತಳದಲ್ಲಿ ತೆರೆದಿರುತ್ತದೆ, ಒಂದು ತೊಟ್ಟು ಅತ್ತ ಇಳಿದರೆ ನ್ಯುಮೋನಿಯಾ. ಮೂತಿಯ ತುದಿಗೆ ಹನಿ ತಾಗಿಸಿ ಬಿಡಿ, ತಾನೇ ನೆಕ್ಕಿದರೆ ಆಯಿತು. ಹುಳವನ್ನು ಬಾಯಿಗೆ ತುರುಕುವುದೂ ಬೇಡ, ಮರಿಯ ದವಡೆ ಮೊದಲೇ ಮೆತ್ತಗಾಗಿದ್ದರೆ ಮುರಿಯುತ್ತದೆ. ಟಬ್ಬಿನಲ್ಲಿ ಸ್ನಾನ ಮಾಡಿಸಿದವರೂ ಇದ್ದಾರೆ. ಇದು ಆಮೆಯಲ್ಲ.

ಈಗ ನನ್ನನ್ನು ಯಾರೂ ಕೇಳದ ಪ್ರಶ್ನೆಗೆ ಬರುತ್ತೇನೆ, ಯಾಕೆಂದರೆ ನನಗೆ ಉತ್ತರಿಸಲು ಇಷ್ಟವಿರುವುದು ಅದೊಂದೇ: ‘ತಿನ್ನುವುದನ್ನು ನಿಲ್ಲಿಸುವ ಮುಂಚೆ ಏನು ಕಾಣುತ್ತದೆ?’

ಕಾಣುತ್ತದೆ. ಹುಳವನ್ನು ಮುಂದಿಟ್ಟು ನಾಲಿಗೆಯನ್ನೇ ನೋಡಿ. ಗಟ್ಟಿಯಾದ ಮರಿ ಎರಡೂ ಕಣ್ಣನ್ನು ಹುಳದ ಮೇಲೆ ಕೂಡಿಸುತ್ತದೆ, ಬಾಯಿ ಒಂದು ಕೂದಲೆಳೆ ತೆರೆಯುತ್ತದೆ, ನಾಲಿಗೆಯ ಗುಂಡು ತುದಿ ತುಟಿಯಂಚಿಗೆ ಬಂದು ಅರೆಕ್ಷಣ ನಿಲ್ಲುತ್ತದೆ, ಆಮೇಲೆ ಮೈಯುದ್ದಕ್ಕಿಂತ ದೂರ ಚಿಮ್ಮುತ್ತದೆ. ಕಾಯಿಲೆ ಹಿಡಿಯುತ್ತಿರುವ ಮರಿಯಲ್ಲಿ ಆ ಗುಂಡು ತುದಿ ತುಟಿಗೆ ಬರುತ್ತದೆ, ನಿಲ್ಲುತ್ತದೆ, ಹಿಂದೆ ಸರಿಯುತ್ತದೆ. ಇಲ್ಲವೇ ಬೆರಳಗಲ ಹೋಗಿ ಜೋತುಬೀಳುತ್ತದೆ. ನೋಡುವವರಿಗೆ ‘ಆಸಕ್ತಿಯಿಲ್ಲ’ ಅನ್ನಿಸುತ್ತದೆ. ಆಸಕ್ತಿ ಇದೆ, ಸ್ನಾಯುವಿಗೆ ಕ್ಯಾಲ್ಸಿಯಂ ಇಲ್ಲ. ಕಾಲು ಡೊಂಕಾಗುವ, ದವಡೆ ರಬ್ಬರಾಗುವ ಎಲುಬಿನ ಕಾಯಿಲೆಯ ಆರಂಭ ಇದೇ. ಬೆರಳಿನ ಮೇಲೆ ಹತ್ತಿಸಿಕೊಂಡರೆ ಹಿಡಿತ ಸಡಿಲ, ನಡೆಯುವಾಗ ಕೈ ನಡುಕ. ಬೆಳೆಯುವ ಮರಿಯಲ್ಲಿ ಇದಕ್ಕೆ ತಿಂಗಳುಗಟ್ಟಲೆ ಬೇಕಿಲ್ಲ, ಕೆಲವೇ ವಾರ ಸಾಕು.

ಕಾರಣ ಸಾಮಾನ್ಯವಾಗಿ ಯುವಿಬಿ ಟ್ಯೂಬ್. ಯುವಿಬಿ ಎಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ, ಅದು ಬಿದ್ದರೆ ಮೈ ವಿಟಮಿನ್ ಡಿ3 ತಯಾರಿಸುತ್ತದೆ, ಡಿ3 ಇದ್ದರೆ ಕ್ಯಾಲ್ಸಿಯಂ ಮೈಗೆ ಹತ್ತುತ್ತದೆ. ‘ಲೈಟು ಉರೀತಾ ಇದೆಯಲ್ಲ’ ಅನ್ನುತ್ತಾರೆ. ಕಣ್ಣಿಗೆ ಕಾಣುವ ಬೆಳಕು ಉಳಿದಿರುತ್ತದೆ, ಯುವಿಬಿ ಸದ್ದಿಲ್ಲದೆ ಇಳಿದಿರುತ್ತದೆ. ಆರು ತಿಂಗಳಿಂದ ವರ್ಷದೊಳಗೆ ಟ್ಯೂಬ್ ಬದಲಿಸಬೇಕು. ಸುರುಳಿ ಬಲ್ಬು ಬೇಡ. ಯುವಿಬಿ 5 ಅಥವಾ 6 ಪರ್ಸೆಂಟ್ ಎಂದು ಬರೆದಿರುವ ಟಿ5 (ತೆಳು) ಉದ್ದ ಟ್ಯೂಬ್, ಮರಿಯ ಬೆನ್ನಿನಿಂದ ಸುಮಾರು 20–25 ಸೆಂಟಿಮೀಟರ್ ಮೇಲೆ, ನಡುವೆ ಗಾಜು ಪ್ಲಾಸ್ಟಿಕ್ ಇರಕೂಡದು, ಅವು ಯುವಿಬಿಯನ್ನು ತಡೆಯುತ್ತವೆ. ಜಾಲರಿಯೂ ಒಂದು ಪಾಲು ನುಂಗುತ್ತದೆ. ಯುವಿ ಅಳೆಯುವ ಮೀಟರ್ ಇದ್ದರೆ ಕೊಂಬೆಯಲ್ಲಿ ಯುವಿ ಸೂಚ್ಯಂಕ 3ರ ಆಸುಪಾಸು ಬರಲಿ. ಹಗಲು 12 ಗಂಟೆ, ರಾತ್ರಿ ಪೂರ್ತಿ ಕತ್ತಲು, ಕೆಂಪು ಬಲ್ಬೂ ಬೇಡ.

ಅದರ ಜೊತೆ ಪುಡಿ. ಕ್ರಿಕೆಟ್ ಹುಳದಲ್ಲಿ (ಚಿಮ್ಮಂಡೆ ಅಂದರೂ ಸರಿ) ಕ್ಯಾಲ್ಸಿಯಂಗಿಂತ ರಂಜಕವೇ ಎಷ್ಟೋ ಪಾಲು ಹೆಚ್ಚು. ಆದ್ದರಿಂದ ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿ ಪ್ರತಿ ಊಟಕ್ಕೂ ಹುಳದ ಮೇಲೆ ತೆಳ್ಳಗೆ, ಡಿ3 ಮತ್ತು ವಿಟಮಿನ್ ಎ ಇರುವ ಪುಡಿ ಹದಿನೈದು ದಿನಕ್ಕೊಮ್ಮೆ. ಪುಡಿ ಹೆಚ್ಚಾಗಿ ಹುಳ ದೆವ್ವದ ಹಾಗೆ ಬೆಳ್ಳಗೆ ಕಂಡರೆ ಮರಿ ಮುಟ್ಟುವುದಿಲ್ಲ. ಡಿ3 ದಿನಾ ಕೊಟ್ಟರೆ ಒಳಗಿನ ಅಂಗಾಂಗಗಳೇ ಸುಣ್ಣಗಟ್ಟುತ್ತವೆ. ಹುಳಕ್ಕೂ ಹಿಂದಿನ ದಿನ ಸೊಪ್ಪು, ಕ್ಯಾರೆಟ್ ತಿನ್ನಿಸಿ. ಖಾಲಿ ಹೊಟ್ಟೆಯ ಹುಳ ಬರೀ ಸಿಪ್ಪೆ.

ನೋಡಬೇಕಾದ ಇನ್ನೊಂದು, ತೂಕ. 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ಮರಿಯ ತೂಕ ಏರುತ್ತಲೇ ಇರಬೇಕು, ಒಂದೇ ಕಡೆ ನಿಂತರೂ ಅದು ಸುದ್ದಿ.

ಹೆದರಿಕೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಇಲ್ಲದಿದ್ದರೆ ಜಗಳವಾಗುತ್ತದೆ. ‘ಒಂದೇ ಇದ್ದರೆ ಬೇಜಾರಾಗುತ್ತೆ ಅಂತ ಎರಡು ತಂದೆ.’ ಗೋಸುಂಬೆಗೆ ಬೇಜಾರಾಗುವುದು ಇನ್ನೊಂದು ಇದ್ದರೆ. ಬಲಶಾಲಿ ಮರಿ ಕಚ್ಚಲೇಬೇಕೆಂದಿಲ್ಲ, ಬಲ್ಬಿನ ಕೆಳಗಿನ ಕೊಂಬೆ ಹಿಡಿದು ಕೂತರೆ ಸಾಕು. ಇನ್ನೊಂದು ತಣ್ಣಗಿನ ಮೂಲೆಯಲ್ಲಿ ಕೂತು ಸೊರಗುತ್ತದೆ. ಬೇರೆ ಮಾಡಿ, ಒಂದಕ್ಕೊಂದು ಕಾಣದಂತೆ ಇಡಿ. ಗಾಜಿನಲ್ಲಿ ತನ್ನ ನೆರಳು ಕಂಡರೂ ಅದಕ್ಕೆ ಶತ್ರುವೇ. ಗೂಡು ನಿಮ್ಮ ಕಣ್ಣಿನ ಎತ್ತರಕ್ಕಿಂತ ಮೇಲಿರಲಿ, ಮೂರು ಪಕ್ಕ ಮುಚ್ಚಿರಲಿ, ಒಳಗೆ ಮನಿ ಪ್ಲಾಂಟ್ ಅಥವಾ ದಾಸವಾಳ ತುಂಬಿರಲಿ. ಕೈಗೆತ್ತಿ ಮುದ್ದಿಸುವುದು ತಿನ್ನಲು ಶುರುಮಾಡುವವರೆಗೆ ಬಂದ್.

ಇಷ್ಟೆಲ್ಲ ಸರಿಯಿದ್ದೂ ತಿನ್ನದಿದ್ದರೆ ಹೊಟ್ಟೆಯಲ್ಲಿ ಕಾಕ್ಸಿಡಿಯಾದಂಥ ಪರಾವಲಂಬಿ ಇರಬಹುದು. ಅದನ್ನು ಬರಿಗಣ್ಣಿನಿಂದ ಯಾರೂ ಹೇಳಲಾರರು, ನಾನೂ ಫೋಟೊ ನೋಡಿ ಹೇಳಲಾರೆ. ಹೊಸ ಹಿಕ್ಕೆಯನ್ನು ಒದ್ದೆ ಟಿಶ್ಯೂ ಜೊತೆ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟು, ಒಂದು ದಿನದೊಳಗೆ ಸರೀಸೃಪ ನೋಡಿ ಗೊತ್ತಿರುವ ವೈದ್ಯರಿಗೆ ಕೊಡಿ. ಹುಳದ ಔಷಧಿಯನ್ನು ಅಂದಾಜಿನಲ್ಲಿ ಹಾಕಬೇಡಿ, ಮೂರು ಗ್ರಾಂ ಪ್ರಾಣಿಗೆ ಅಂದಾಜು ಎಂಬುದಿಲ್ಲ. ಮೂತಿ ಮೇಲೆತ್ತಿ ಉಸಿರಾಡುವುದು, ಬಾಯಂಚಿನಲ್ಲಿ ಗುಳ್ಳೆ, ಚಟ್ ಚಟ್ ಸದ್ದು ಇದ್ದರೆ ಅದು ಎದೆಯ ಸೋಂಕು, ಅದಕ್ಕೂ ವೈದ್ಯರೇ. ಹೋಗುವಾಗ ಗೂಡಿನ ಫೋಟೊ, ಟ್ಯೂಬ್ ತಂದ ತಾರೀಕು, ಪುಡಿ ಡಬ್ಬಿಗಳ ಫೋಟೊ, ತೂಕದ ಪಟ್ಟಿ ಇಟ್ಟುಕೊಳ್ಳಿ. ಕತ್ತಲೆಯ ಚಿಕ್ಕ ಡಬ್ಬಿಯಲ್ಲಿ ಬಟ್ಟೆ ಹಾಸಿ, ಗಾಳಿಗೆ ತೂತು ಬಿಟ್ಟು ಒಯ್ಯಿರಿ.

ಕೊನೆಗೆ ಊಟ, ನೀವು ಮೊದಲೇ ಕೇಳಿದ್ದು. ಮರಿಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದಪ್ಪದ ಹುಳ ಬೇಡ. ಹಾರಲಾರದ ಹಣ್ಣಿನ ನೊಣ, ತೀರ ಎಳೆಯ ಕ್ರಿಕೆಟ್. ಸತ್ತದ್ದು ಬೇಡ, ಅಲುಗಾಡದ್ದನ್ನು ಅದು ಊಟವೆಂದೇ ಎಣಿಸುವುದಿಲ್ಲ. ಮಿಂಚುಹುಳ ಒಂದು ತಿಂದರೂ ಸಾಯಬಹುದು. ಲೈಟು ಹಾಕಿ ಒಂದು ಗಂಟೆ ಕಳೆದು, ಮೈ ಕಾದ ಮೇಲೆ, ಒಳಗೋಡೆ ನುಣುಪಾದ ಬಿಳಿ ಕಪ್ಪನ್ನು ಕೊಂಬೆಯ ಪಕ್ಕ ಕಟ್ಟಿ. ಬಿಳಿಯ ಮೇಲೆ ಹುಳದ ಓಡಾಟ ಎದ್ದು ಕಾಣುತ್ತದೆ. ಉಳಿದ ಕ್ರಿಕೆಟ್‌ಗಳನ್ನು ಸಂಜೆ ತೆಗೆಯಿರಿ, ರಾತ್ರಿ ಅವೇ ಮರಿಯನ್ನು ಕಚ್ಚುತ್ತವೆ. ತಿಂತೋ ಇಲ್ಲವೋ ಎಂದು ಗೂಡಿಗೆ ಮುಖ ಅಂಟಿಸಿ ನಿಲ್ಲಬೇಡಿ. ಹತ್ತು ಹುಳ ಎಣಿಸಿ ಹಾಕಿ, ಕೋಣೆಯಿಂದ ಹೊರಗೆ ಹೋಗಿ, ಮಧ್ಯಾಹ್ನ ಬಂದು ಕಪ್ಪಿನಲ್ಲಿ ಎಷ್ಟು ಉಳಿದಿವೆ ಎಂದು ಎಣಿಸಿ.