ರಿಯರ್ ವೀಲ್ ಡ್ರೈವ್ ಕಾರಿಗೆ ಉಳಿಗಾಲ ಇದೆಯೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಹೊಗೆ ನಿಯಮ ಹೀಗೆ ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಾ ಹೋದರೆ ಹಿಂದಿನ ಚಕ್ರ ತಳ್ಳುವ ಕಾರುಗಳ ಗತಿ ಏನು? ಈಗ ಒಂದನ್ನು ಕೊಂಡರೆ ತಪ್ಪಾಗುತ್ತದೆಯೇ?" ಕಾರಿನ ಮಾತು ಬಂದಲ್ಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಿಂದಿನ ಚಕ್ರಕ್ಕೆ ಕುತ್ತು ಬಂದಿಲ್ಲ. ಕುತ್ತು ಬಂದಿರುವುದು ಮುಂದಿರುವ ಎಂಜಿನ್‌ನಿಂದ ಹಿಂದಿನ ಆಕ್ಸಲ್‌ವರೆಗೆ ಕಾರಿನ ಹೊಟ್ಟೆಯಡಿ ಹಾದುಹೋಗುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿಗೆ. ಈ ಎರಡನ್ನೂ ಒಂದೇ ಎಂದುಕೊಂಡಿರುವುದರಿಂದಲೇ ಇಷ್ಟೆಲ್ಲ ಗೊಂದಲ.

ಮೊದಲು ನಿಯಮಗಳನ್ನು ಬಿಡಿಸಿಕೊಳ್ಳೋಣ. ಒಂದು ಬಗೆಯದು ವಿಷಾನಿಲದ ನಿಯಮ: ನೈಟ್ರೋಜನ್ ಆಕ್ಸೈಡ್, ಮಸಿ ಕಣ, ಕಾರ್ಬನ್ ಮೊನಾಕ್ಸೈಡ್. ಇವನ್ನು ಕ್ಯಾಟಲಿಟಿಕ್ ಕನ್ವರ್ಟರ್, ಪಾರ್ಟಿಕ್ಯುಲೇಟ್ ಫಿಲ್ಟರ್, ಡೀಸೆಲ್ ಆದರೆ ಯೂರಿಯಾ ದ್ರಾವಣ ಸೇರಿ ಸೈಲೆನ್ಸರ್ ದಾರಿಯಲ್ಲೇ ಹಿಡಿದುಹಾಕುತ್ತವೆ. ಶಕ್ತಿ ಯಾವ ಚಕ್ರಕ್ಕೆ ಹೋಗುತ್ತದೆ ಎನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಇನ್ನೊಂದು ಕಾರ್ಬನ್ ಡೈಆಕ್ಸೈಡ್ ನಿಯಮ. ಇದಕ್ಕೆ ಫಿಲ್ಟರ್ ಇಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್ ಹುಟ್ಟಿಯೇ ತೀರುತ್ತದೆ. ಹಾಗಾಗಿ 100 ಕಿಮೀಗೆ 6 ಲೀಟರ್ ಕುಡಿಯುವ ಕಾರು ಪ್ರತಿ ಕಿಮೀಗೆ ಸುಮಾರು 139 ಗ್ರಾಂ ಬಿಡುತ್ತದೆ. ಕಡಿಮೆ ಮಾಡಬೇಕೆಂದರೆ ಕಡಿಮೆ ಉರಿಸಬೇಕು, ಬೇರೆ ದಾರಿಯಿಲ್ಲ. ರಿಯರ್ ವೀಲ್ ಡ್ರೈವ್ ಸಿಕ್ಕಿಬಿದ್ದಿರುವುದು ಇಲ್ಲಿ.

ಅಡ್ಡಲಾಗಿ ಕೂತ ಎಂಜಿನ್ ಮುಂದಿನ ಚಕ್ರ ತಿರುಗಿಸುವಾಗ ಎಲ್ಲ ಶಾಫ್ಟ್‌ಗಳೂ ಒಂದಕ್ಕೊಂದು ಸಮಾನಾಂತರ. ಓರೆ ಹಲ್ಲಿನ ಗೇರು ಸಾಕು, ಪ್ರತಿ ಜೋಡಿಯಲ್ಲಿ ನಷ್ಟ ಶೇಕಡ 1ರಿಂದ 2. ಉದ್ದಕ್ಕೆ ಕೂತ ಎಂಜಿನ್ ಹಿಂದಿನ ಚಕ್ರ ತಿರುಗಿಸಬೇಕಾದರೆ ಶಕ್ತಿ ಕ್ರೌನ್ ಪಿನಿಯನ್‌ನಲ್ಲಿ, ಅಂದರೆ ಶಾಫ್ಟಿನ ತುದಿಯ ಸಣ್ಣ ಗೇರು (ಪಿನಿಯನ್) ಆಕ್ಸಲ್‌ನ ದೊಡ್ಡ ಗೇರನ್ನು (ಕ್ರೌನ್) ತಿರುಗಿಸುವ ಜೋಡಿಯಲ್ಲಿ, 90 ಡಿಗ್ರಿ ತಿರುಗಬೇಕು. ಪಿನಿಯನ್ ಕ್ರೌನ್ ಚಕ್ರದ ನಡುಮಟ್ಟಕ್ಕಿಂತ ಕೆಳಗೆ ಕೂತಿರುತ್ತದೆ, ಇದಕ್ಕೆ ಹೈಪಾಯ್ಡ್ ಎನ್ನುತ್ತಾರೆ. ಶಾಫ್ಟ್ ತಗ್ಗಿನಲ್ಲಿ ಹೋಗುತ್ತದೆ, ಗೇರು ಗಟ್ಟಿ, ಸದ್ದು ಕಡಿಮೆ. ಆದರೆ ಹಲ್ಲುಗಳು ಉರುಳುವುದರ ಜತೆಗೆ ಒಂದರ ಮೇಲೊಂದು ಜಾರುತ್ತವೆ. ಆ ಉಜ್ಜಾಟ ತಡೆಯಲು ದಪ್ಪ ಎಣ್ಣೆ ಬೇಕು, ಆ ಎಣ್ಣೆಯನ್ನು ಕಲಕಲು ಮತ್ತಷ್ಟು ಶಕ್ತಿ ಬೇಕು. ಒಟ್ಟು ನಷ್ಟ ಶೇಕಡ 3ರಿಂದ 5ರ ಆಸುಪಾಸು, ಹಗುರ ಹೊರೆಯಲ್ಲಿ ಇನ್ನೂ ಹೆಚ್ಚು. ಈ ಗೇರುಗಳನ್ನು ಹೊತ್ತ ಡಿಫರೆನ್ಷಿಯಲ್ ಇರುವುದು ಗಾಳಿ ಬಡಿಯುವ ಜಾಗದಲ್ಲಿ, ಎಂಜಿನ್‌ನಿಂದ ದೂರ. ಅದರ ಎಣ್ಣೆ ಬಿಸಿಯಾಗುವಷ್ಟರಲ್ಲಿ ಸಣ್ಣ ಪ್ರಯಾಣ ಮುಗಿದೇ ಹೋಗಿರುತ್ತದೆ. ಇದರ ಮೇಲೆ ಶಾಫ್ಟ್, ಡಿಫರೆನ್ಷಿಯಲ್ ಹೌಸಿಂಗ್, ಅವನ್ನು ಹಿಡಿದಿಡುವ ಸಬ್‌ಫ್ರೇಮ್ ಎಂದು ಹತ್ತಾರು ಕಿಲೋ ಹೆಚ್ಚುವರಿ ತೂಕ.

ನ್ಯಾಯಕ್ಕೆ ಇನ್ನೊಂದು ಮಾತನ್ನೂ ಹೇಳಬೇಕು. ಉದ್ದಕ್ಕೆ ಕೂತ ಹಳೆಯ ಮ್ಯಾನುಯಲ್ ಗೇರ್‌ಬಾಕ್ಸ್‌ಗಳಲ್ಲಿ 1:1 ಗೇರಿಗೆ ಹಾಕಿದರೆ ಶಕ್ತಿ ಯಾವ ಹಲ್ಲನ್ನೂ ದಾಟದೆ ನೇರ ಹಾಯುತ್ತದೆ. ಹೈಪಾಯ್ಡ್ ತಿಂದದ್ದರಲ್ಲಿ ಸ್ವಲ್ಪ ಅಲ್ಲಿ ವಾಪಸ್ ಬರುತ್ತದೆ. ಆದ್ದರಿಂದ ನಿಜವಾದ ವ್ಯತ್ಯಾಸ ಜನ ಹೇಳುವ ಶೇಕಡ 10, 15 ಅಲ್ಲ, ಎರಡು ಮೂರು ಶೇಕಡ.

ಅಷ್ಟೇ ತಾನೆ ಅನ್ನಿಸಬಹುದು. ಹನಿ ಹನಿ ಕೂಡಿದರೆ ಹಳ್ಳ ಎನ್ನುವುದನ್ನು ಯುರೋಪಿಯನ್ ಒಕ್ಕೂಟದ ದಂಡದ ಲೆಕ್ಕದಲ್ಲಿ ನೋಡಬೇಕು. ಅಲ್ಲಿ ಹೊಸ ಕಾರುಗಳ ಸರಾಸರಿ 2025ರಿಂದ ಪ್ರತಿ ಕಿಮೀಗೆ ಸುಮಾರು 93.6 ಗ್ರಾಂ ಮೀರಬಾರದು. ಈ ಗುರಿಯನ್ನು 2025ರಿಂದ 2027ರವರೆಗಿನ ಮೂರು ವರ್ಷದ ಸರಾಸರಿಯಲ್ಲಿ ಮುಟ್ಟಲು ಆಮೇಲೆ ಅವಕಾಶ ಕೊಟ್ಟರು. 2030ಕ್ಕೆ 2021ರ ಮಟ್ಟಕ್ಕಿಂತ ಶೇಕಡ 55 ಕಡಿತ. 2023ರ ಕಾನೂನು 2035ಕ್ಕೆ ಶೂನ್ಯ ಎಂದು ಬರೆದಿದೆ, ಅದನ್ನು ಸಡಿಲಿಸುವ ಮಾತೂ ಎದ್ದಿದೆ. ಗುರಿ ಮೀರಿದ ಕಂಪನಿ ಮೀರಿದ ಪ್ರತಿ ಗ್ರಾಂಗೆ, ಮಾರಿದ ಪ್ರತಿ ಕಾರಿಗೆ 95 ಯೂರೋ ಕಟ್ಟಬೇಕು. ಮೇಲಿನ 139 ಗ್ರಾಂ ಕಾರಿಗೆ ಶೇಕಡ 3 ಸೇರಿಸಿ ನೋಡಿ: 4 ಗ್ರಾಂ, ಅಂದರೆ ಕಾರೊಂದಕ್ಕೆ 380 ಯೂರೋ. ದುಬಾರಿ ಸೆಡಾನ್‌ನಲ್ಲಿ ಅದನ್ನು ನುಂಗಿಕೊಳ್ಳಬಹುದು. ಸಣ್ಣ ಹ್ಯಾಚ್‌ಬ್ಯಾಕ್‌ನಲ್ಲಿ ಲಾಭವೇ ಅಷ್ಟಿರುವುದಿಲ್ಲ.

ಹೀಗಾಗಿ ಮೊದಲು ಹೋದದ್ದು ಸಣ್ಣವೇ. ಬಿಎಂಡಬ್ಲ್ಯು 1 ಸರಣಿ ತನ್ನ ವರ್ಗದಲ್ಲಿ ಹಿಂದಿನ ಚಕ್ರ ಓಡಿಸುತ್ತಿದ್ದ ಕೊನೆಯ ಹ್ಯಾಚ್‌ಬ್ಯಾಕ್ ಆಗಿತ್ತು, 2019ರಲ್ಲಿ ಅದೂ ಮುಂದಿನ ಚಕ್ರಕ್ಕೆ ಬಂತು. ಟೊಯೋಟಾ ಇನೋವಾ ಕ್ರಿಸ್ಟಾ ಚಾಸಿಯ ಮೇಲೆ ಕೂತ ರಿಯರ್ ವೀಲ್ ಡ್ರೈವ್. 2022ರ ಹೈಕ್ರಾಸ್ ಚಾಸಿಯನ್ನೂ ಶಾಫ್ಟನ್ನೂ ಬಿಟ್ಟು ಮುಂದಿನ ಚಕ್ರದ ಹೈಬ್ರಿಡ್ ಆಯಿತು. ಒಳಗೆ ಜಾಗ ಸಿಕ್ಕಿತು, ಇಂಧನ ಉಳಿಯಿತು. ಸಂಸಾರದ ಕಾರಿಗೆ ಅದು ಸರಿಯಾದ ತೀರ್ಮಾನ ಎಂದೇ ನನ್ನ ಅಭಿಪ್ರಾಯ.

ಶಾಫ್ಟನ್ನು ಉಳಿಸಿಕೊಂಡವರು ಸುಮ್ಮನೆ ಕೂತಿಲ್ಲ. ಪಿನಿಯನ್ನಿನ ಟೇಪರ್ ರೋಲರ್ ಬೇರಿಂಗ್ ತೆಗೆದು ಉಜ್ಜಾಟ ಕಡಿಮೆಯಿರುವ ಆಂಗ್ಯುಲರ್ ಕಾಂಟ್ಯಾಕ್ಟ್ ಬಾಲ್ ಬೇರಿಂಗ್ ಹಾಕಿದರು. 75ಡಬ್ಲ್ಯು-90 ಇದ್ದ ಕಡೆ ಅದಕ್ಕಿಂತ ತೆಳುವಾದ 75ಡಬ್ಲ್ಯು-85 ಎಣ್ಣೆ ತಂದರು, ಅದರ ಪ್ರಮಾಣವನ್ನೂ ಇಳಿಸಿದರು. ಮಜ್ದಾ ಅಂತೂ ಹೊಳೆಗೆ ಎದುರಾಗಿ ಈಜಿತು: 2022ರ ಸಿಎಕ್ಸ್-60ಗೆಂದು ಹೊಸದಾಗಿ ಉದ್ದಕ್ಕೆ ಎಂಜಿನ್ ಕೂರುವ ಪ್ಲಾಟ್‌ಫಾರ್ಮನ್ನೇ ಕಟ್ಟಿ, ಸಾಲಿನ ಆರು ಸಿಲಿಂಡರಿನ 3.3 ಲೀಟರ್ ಡೀಸೆಲ್, 48 ವೋಲ್ಟ್ ಹೈಬ್ರಿಡ್, ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಇಲ್ಲದೆ ಕ್ಲಚ್ ಪ್ಲೇಟ್‌ಗಳಲ್ಲೇ ನಡೆಯುವ 8 ಗೇರಿನ ಆಟೋಮ್ಯಾಟಿಕ್ ಕೊಟ್ಟಿತು. ದೊಡ್ಡ ಎಂಜಿನ್ನನ್ನು ಹಗುರ ಹೊರೆಯಲ್ಲಿ ದಕ್ಷವಾಗಿ ಓಡಿಸಿದರೆ ಹೈಪಾಯ್ಡ್ ನಷ್ಟವನ್ನು ತುಂಬಿಕೊಳ್ಳಬಹುದು ಎಂಬುದಕ್ಕೆ ಅದು ಸಾಕ್ಷಿ. ಇದನ್ನು ಕಂಡರೆ ನನಗೆ ನಿಜಕ್ಕೂ ಗೌರವ.

ಉಳಿದವರು ಆಶ್ರಯ ಪಡೆದದ್ದು ಪ್ಲಗ್-ಇನ್ ಹೈಬ್ರಿಡ್‌ನಲ್ಲಿ, ಅಂದರೆ ಎಂಜಿನ್ ಜತೆಗೆ ಹೊರಗಿನಿಂದ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಕಾರಿನಲ್ಲಿ. ಉದ್ದನೆಯ ಗೇರ್‌ಬಾಕ್ಸ್ ಎಂಜಿನ್ನಿಗೆ ಕೂಡುವ ಕಡೆಯ ಗಂಟೆಯಾಕಾರದ ಕವಚದ (ಬೆಲ್ ಹೌಸಿಂಗ್) ಒಳಗೇ ಮೋಟಾರ್ ಸೇರಿಸಿದರೆ ಹಿಂದಿನ ಚಕ್ರದ ಸೆಡಾನ್ ಕಾಗದದ ಮೇಲೆ 30, 40 ಗ್ರಾಂಗೆ ಇಳಿಯುತ್ತಿತ್ತು. ಆ ಸೂರು ಈಗ ಸೋರುತ್ತಿದೆ. ಪರೀಕ್ಷೆಯಲ್ಲಿ ಕಾರು ಎಷ್ಟು ಪಾಲು ಬ್ಯಾಟರಿಯಲ್ಲಿ ಓಡುತ್ತದೆ ಎಂದು ಊಹಿಸುವ ಸೂತ್ರದಲ್ಲಿ 800 ಕಿಮೀ ಎಂಬ ಅಂಕಿ ಇತ್ತು. ಅದನ್ನು 2,200ಕ್ಕೆ ಏರಿಸಿದ್ದಾರೆ, ಮುಂದಿನ ಹಂತದಲ್ಲಿ 4,260. ಅಂಕಿ ಏರಿದಷ್ಟೂ ಬ್ಯಾಟರಿಯ ಪಾಲು ಇಳಿಯುತ್ತದೆ, ಅದೇ ಕಾರಿನ ಗ್ರಾಂ ಏರುತ್ತದೆ.

ಈಗ ತಿರುವು. ಮೋಟಾರನ್ನು ಹಿಂದಿನ ಆಕ್ಸಲ್ ಮೇಲೇ ಇಟ್ಟರೆ ಶಾಫ್ಟ್ ಇಲ್ಲ, 90 ಡಿಗ್ರಿ ತಿರುವಿಲ್ಲ, ಹೈಪಾಯ್ಡ್ ಇಲ್ಲ. ಮೋಟಾರಿನ ಶಾಫ್ಟ್ ಆಕ್ಸಲ್‌ಗೆ ಸಮಾನಾಂತರ, ಓರೆ ಹಲ್ಲಿನ ಎರಡು ಜೋಡಿ ಗೇರು ಸಾಕು. ಕಾರ್ಬನ್ ನಿಯಮಕ್ಕೆ ಹಿಂದಿನ ಚಕ್ರದ ಮೇಲಿದ್ದ ಏಕೈಕ ತಕರಾರು ಅಲ್ಲಿಗೆ ಮುಗಿಯಿತು. ಫೋಕ್ಸ್‌ವ್ಯಾಗನ್ ಐಡಿ.3 ಮತ್ತು ಐಡಿ.4, ಟೆಸ್ಲಾ ಮಾಡೆಲ್ 3, ಹ್ಯುಂಡೈ ಅಯಾನಿಕ್ 5, ಮಹೀಂದ್ರಾ ಬಿಇ 6 ಒಂದೇ ಮೋಟಾರಿನ ರೂಪದಲ್ಲಿ ಹಿಂದಿನ ಚಕ್ರದವು. ಇನ್ನೂ ಸ್ಪಷ್ಟವಾದ ಗುರುತು ವೋಲ್ವೋ: ಎಕ್ಸ್‌ಸಿ40 ವಿದ್ಯುತ್ ಕಾರಿನ ಒಂಟಿ ಮೋಟಾರನ್ನು 2023ರಲ್ಲಿ ಮುಂದಿನಿಂದ ಹಿಂದಕ್ಕೆ ಒಯ್ದಿತು. 25 ವರ್ಷಗಳಲ್ಲಿ ಅದು ಅವರ ಮೊದಲ ರಿಯರ್ ವೀಲ್ ಡ್ರೈವ್. ಪೋಲ್‌ಸ್ಟಾರ್ 2 ಕೂಡ ಅದೇ ವರ್ಷ ಅದೇ ದಾರಿ ಹಿಡಿಯಿತು.

ಯಾಕೆ ಎಂಬುದಕ್ಕೆ ಲೆಕ್ಕವೇ ಉತ್ತರ. 1,800 ಕಿಲೋ ಕಾರು, ತೂಕ ಮುಂದೆ ಹಿಂದೆ ಸಮಪಾಲು, ವೀಲ್‌ಬೇಸ್ (ಮುಂದಿನ ಹಿಂದಿನ ಆಕ್ಸಲ್‌ಗಳ ಅಂತರ) 2.8 ಮೀಟರ್, ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರ್ ಎಂದುಕೊಳ್ಳಿ. 7 ಸೆಕೆಂಡಿನಲ್ಲಿ 100 ಕಿಮೀ ವೇಗ ಮುಟ್ಟುವಂತೆ ಒತ್ತಿದರೆ ಸುಮಾರು 130 ಕಿಲೋ ಮುಂದಿನಿಂದ ಹಿಂದಕ್ಕೆ ಸರಿಯುತ್ತದೆ. ಮುಂದೆ 770, ಹಿಂದೆ 1,030. ಅಷ್ಟು ವೇಗ ಪಡೆಯಲು ಹಿಂದಿನ ಟೈರಿಗೆ ಬೇಕಾದ ಹಿಡಿತದ ಗುಣಾಂಕ ಸುಮಾರು 0.7, ಮುಂದಿನ ಟೈರಾಗಿದ್ದರೆ 0.95. ಒಣ ಡಾಂಬರಿನಲ್ಲಿ 0.7 ಸಲೀಸು, 0.95 ಎಂದರೆ ಟೈರು ಕೀಚಲಿಡುತ್ತದೆ, ಸ್ಟಿಯರಿಂಗ್ ಕೈಯಲ್ಲಿ ಎಳೆದಾಡುತ್ತದೆ. ಜತೆಗೆ ಮುಂದಿನ ಚಕ್ರಕ್ಕೆ ಡ್ರೈವ್ ಶಾಫ್ಟ್ ಇಲ್ಲದಿದ್ದರೆ ಅದನ್ನು ಹೆಚ್ಚು ಕೋನಕ್ಕೆ ತಿರುಗಿಸಬಹುದು: ಐಡಿ.3 ಸುಮಾರು 10.2 ಮೀಟರ್ ವೃತ್ತದಲ್ಲಿ ಸುತ್ತುತ್ತದೆ.

ಬ್ರೇಕ್ ಹಿಡಿಯುವಾಗ ಇದೇ ಲೆಕ್ಕ ತಲೆಕೆಳಗಾಗುತ್ತದೆ, ಇದನ್ನು ಮಾರುವವರು ಹೇಳುವುದು ಕಡಿಮೆ. ವೇಗ ಇಳಿಸುವಾಗ ಮೋಟಾರ್ ಜನರೇಟರ್ ಆಗಿ ಬ್ಯಾಟರಿ ತುಂಬಿಸುತ್ತದೆಯಷ್ಟೆ. ಆಗ ತೂಕ ಮುಂದಕ್ಕೆ ವಾಲಿ ಹಿಂದಿನ ಟೈರು ಹಗುರಾಗುತ್ತದೆ. ಅದೇ ಕಾರನ್ನು 0.15 ಜಿ (ಜಿ ಎಂದರೆ ಗುರುತ್ವದ ವೇಗೋತ್ಕರ್ಷ) ಮೆಲುವಾಗಿ ನಿಧಾನಿಸಲು ಹಿಂದಿನ ಟೈರೊಂದಕ್ಕೇ ಬಿಟ್ಟರೆ 0.32 ಹಿಡಿತ ಸಾಕು, ಒದ್ದೆ ರಸ್ತೆಯಲ್ಲೂ ಸಿಗುತ್ತದೆ. 0.3 ಜಿ ಎಂದರೆ 0.67 ಬೇಕು, ಒದ್ದೆಯಲ್ಲಿ ಅಷ್ಟನ್ನು ನಂಬಲಾಗದು. ಮಂಜುಗಡ್ಡೆಯಲ್ಲಂತೂ ಇರುವುದೇ 0.1ರ ಆಸುಪಾಸು. ಹಿಂದಿನ ಟೈರು ಜಾರುವ ಸುಳಿವು ಸಿಕ್ಕ ಕೂಡಲೇ ಸ್ಥಿರತಾ ನಿಯಂತ್ರಣ ಈ ಮರುಗಳಿಕೆಯನ್ನು ಕತ್ತರಿಸುತ್ತದೆ, ಕಾರು ಒಮ್ಮೆಲೇ ಮುಂದಕ್ಕೆ ಬಿಟ್ಟುಕೊಟ್ಟಂತೆ ಅನ್ನಿಸುತ್ತದೆ. ಮಳೆಯಲ್ಲಿ ಇಳಿಜಾರು ತಿರುವಿದ್ದರೆ ಮರುಗಳಿಕೆಯ ಮಟ್ಟವನ್ನು ಒಂದು ಮೆಟ್ಟಿಲು ಇಳಿಸಿ, ಕಾಲನ್ನು ಬ್ರೇಕ್ ಪೆಡಲ್ ಬಳಿಯೇ ಇಟ್ಟುಕೊಳ್ಳಿ.

ಇದಕ್ಕೂ ಹೊಸ ನಿಯಮಕ್ಕೂ ನಂಟಿದೆ. ಯೂರೋ 7 ನಿಯಮ ಮೊದಲ ಬಾರಿಗೆ ಬ್ರೇಕ್ ಧೂಳನ್ನೂ ಅಳೆಯುತ್ತದೆ: ಪೂರ್ಣ ವಿದ್ಯುತ್ ಕಾರಿಗೆ ಕಿಮೀಗೆ 3 ಮಿಲಿಗ್ರಾಂ, ಎಂಜಿನ್ ಇರುವ ಕಾರಿಗೆ 7. ಹೊಸ ಮಾದರಿಗಳಿಗೆ 2026ರ ನವೆಂಬರ್ 29ರಿಂದ, ಮಾರಾಟವಾಗುವ ಎಲ್ಲ ಹೊಸ ಕಾರಿಗೆ ಅದರ ಮರುವರ್ಷ. ಹಿಂದಿನ ಮೋಟಾರಿನ ಐಡಿ.3, ಐಡಿ.4ರ ಹಿಂದಿನ ಚಕ್ರದಲ್ಲಿ ಡ್ರಮ್ ಬ್ರೇಕ್ ಕಂಡು ಕಂಜೂಸುತನ ಎಂದು ಮೂಗು ಮುರಿಯುವವರಿದ್ದಾರೆ. ಅದು ತಪ್ಪು. ಅಲ್ಲಿ ಹೆಚ್ಚಿನ ಕೆಲಸ ಮೋಟಾರೇ ಮಾಡುವುದರಿಂದ ತೆರೆದ ಡಿಸ್ಕ್ ಇದ್ದರೆ ಬಳಕೆಯಿಲ್ಲದೆ ತುಕ್ಕು ಹಿಡಿಯುತ್ತದೆ. ಡ್ರಮ್ ಮುಚ್ಚಿಕೊಂಡಿರುತ್ತದೆ, ಧೂಳೂ ಬಹುಪಾಲು ಒಳಗೇ ಉಳಿಯುತ್ತದೆ.

ಎಲ್ಲ ವಿದ್ಯುತ್ ಕಾರೂ ಹಿಂದಿನ ಚಕ್ರಕ್ಕೆ ಬರುತ್ತದೆ ಎಂದು ಮಾತ್ರ ಹೇಳಲಾರೆ. ರೆನೋ 5, ಫೋಕ್ಸ್‌ವ್ಯಾಗನ್ 2023ರಲ್ಲಿ ತೋರಿಸಿದ ಐಡಿ.2ಆಲ್, ಎರಡೂ ಮುಂದಿನ ಚಕ್ರದವು. ಸಣ್ಣ ಕಾರಿಗೆ ಮೋಟಾರ್, ಇನ್ವರ್ಟರ್, ಹೀಟ್ ಪಂಪ್ ಎಲ್ಲ ಬಾನೆಟ್ ಕೆಳಗೇ ಇದ್ದರೆ ಕೇಬಲ್ ಗಿಡ್ಡ, ಖರ್ಚು ಕಡಿಮೆ, ಡಿಕ್ಕಿ ಆಳ. ಅಷ್ಟು ಶಕ್ತಿಗೆ ಮುಂದಿನ ಟೈರಿನ ಹಿಡಿತವೂ ಸಾಲುತ್ತದೆ.

ಪೆಟ್ರೋಲ್ ಸ್ಪೋರ್ಟ್ಸ್ ಕಾರುಗಳ ದಾರಿ ಇಕ್ಕಟ್ಟಾಗುತ್ತಿದೆ, ಆದರೆ ಕಾರಣ ಯಾವಾಗಲೂ ಹೊಗೆಯಲ್ಲ. ಟೊಯೋಟಾ ಜಿಆರ್86 ಯುರೋಪಿನಲ್ಲಿ ಎರಡೇ ವರ್ಷ ಮಾರಾಟವಾದದ್ದು 2024ರ ಸುರಕ್ಷತಾ ನಿಯಮದಿಂದ. ಇನ್ನೊಂದೆಡೆ ಒಕ್ಕೂಟದಲ್ಲಿ ವರ್ಷಕ್ಕೆ 1,000ಕ್ಕಿಂತ ಕಡಿಮೆ ಕಾರು ಮಾರುವ ತಯಾರಕರಿಗೆ ಕಾರ್ಬನ್ ಗುರಿಯೇ ಇಲ್ಲ. ಒಟ್ಟಿನಲ್ಲಿ ಕೈಗೆಟಕುವ ಹಗುರ ಸ್ಪೋರ್ಟ್ಸ್ ಕಾರಿಗೇ ಹೆಚ್ಚು ಪೆಟ್ಟು, ಅದು ನನಗೆ ಬೇಸರದ ಸಂಗತಿ.

ಈಗಾಗಲೇ ಶಾಫ್ಟ್ ಇರುವ ಕಾರು ಇಟ್ಟುಕೊಂಡವರಿಗೆ: ಹೊಗೆ ನಿರ್ಬಂಧಿತ ವಲಯಗಳು ನೋಡುವುದು ಇಂಧನ ಮತ್ತು ಹೊಗೆ ದರ್ಜೆಯನ್ನು, ಓಡುವ ಚಕ್ರವನ್ನಲ್ಲ. ಮೈಲೇಜ್ ಆಸೆಗೆ ಹಳೆಯ ಡಿಫರೆನ್ಷಿಯಲ್‌ಗೆ ತೆಳು ಎಣ್ಣೆ ಹಾಕಬೇಡಿ. ದಪ್ಪ ಎಣ್ಣೆಗೆಂದು ಕಟ್ಟಿದ ಹಲ್ಲಿನ ನಡುವೆ ಪದರ ಒಡೆದು ಊಳಿಡಲು ಶುರುವಾಗುತ್ತದೆ. ಕೈಪಿಡಿ ಹೇಳಿದ ದರ್ಜೆಯ, ಹೈಪಾಯ್ಡ್ ಗೇರಿಗೆಂದಿರುವ ಜಿಎಲ್-5 ಎಣ್ಣೆಯನ್ನು 60ರಿಂದ 80 ಸಾವಿರ ಕಿಮೀಗೆ ಬದಲಿಸಿ. ಬಹುತೇಕ ಕಾರಿಗೆ 1ರಿಂದ 1.5 ಲೀಟರ್ ಸಾಕು. ಮೊದಲು ತುಂಬುವ ಪ್ಲಗ್ ಬಿಚ್ಚಿ, ಅದು ಬಿಚ್ಚಿದ ಮೇಲಷ್ಟೇ ಕೆಳಗಿನದಕ್ಕೆ ಕೈ ಹಾಕಿ, ಇಲ್ಲದಿದ್ದರೆ ಎಣ್ಣೆ ಖಾಲಿಯಾದ ಕಾರು ಅಲ್ಲೇ ನಿಲ್ಲುತ್ತದೆ. ಅಯಸ್ಕಾಂತದ ಪ್ಲಗ್ ಮೇಲೆ ಬೂದು ಲೇಪ ಇದ್ದರೆ ಸಹಜ, ಚೂರು ಇದ್ದರೆ ಹಲ್ಲು ಹೋಗುತ್ತಿದೆ.

ಹಳೆಯದನ್ನು ಕೊಳ್ಳುವಾಗ ಮೂರು ಸದ್ದು ಕೇಳಿ. ಹೊರಡುವಾಗ ಟಕ್ ಎಂದರೆ ರಬ್ಬರ್ ಫ್ಲೆಕ್ಸ್ ಡಿಸ್ಕ್ ಅಥವಾ ಯೂನಿವರ್ಸಲ್ ಜಾಯಿಂಟ್. 80 ದಾಟಿದ ಮೇಲೆ ನಡುಕ ಬಂದರೆ ನ್ಯೂಟ್ರಲ್‌ಗೆ ಹಾಕಿ ಉರುಳಲು ಬಿಡಿ. ನಡುಕ ಹಾಗೇ ಉಳಿದರೆ ಎಂಜಿನ್ ಅಲ್ಲ, ಮೊದಲು ಟೈರ್ ಬ್ಯಾಲೆನ್ಸ್, ಆಮೇಲೆ ಶಾಫ್ಟ್ ನೋಡಿಸಿ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಊಳಿಟ್ಟು ಬಿಟ್ಟಾಗ ನಿಂತರೆ ಕ್ರೌನ್ ಪಿನಿಯನ್. ಪಿನಿಯನ್ ಸೀಲ್ ಈಚೆಗೆ ಬದಲಿಸಿದ್ದಾರೆಯೇ ಎಂದೂ ವಿಚಾರಿಸಿ. ಸೀಲ್ ಬದಲಿಸಲು ಬಿಚ್ಚಬೇಕಾದ ಪಿನಿಯನ್ ನಟ್ಟಿನ ಹಿಂದೆ ಒಮ್ಮೆ ಮಾತ್ರ ಸರಿಯಾಗಿ ಜಜ್ಜಿಕೊಳ್ಳುವ ಕ್ರಶ್ ಸ್ಲೀವ್ ಇರುತ್ತದೆ. ಬಿಚ್ಚುವ ಮುನ್ನ ಗುರುತು ಹಾಕಿಕೊಳ್ಳದೆ ಬಲವಾಗಿ ಬಿಗಿದಿದ್ದರೆ ಬೇರಿಂಗ್ ಮೇಲೆ ಹೊರೆ ಮಿತಿಮೀರುತ್ತದೆ, ಕೆಲವು ಸಾವಿರ ಕಿಮೀ ಒಳಗೆ ಅದು ಸುಟ್ಟು ಕ್ರೌನ್ ಪಿನಿಯನ್ ಸೆಟ್ಟನ್ನೇ ಬದಲಿಸಬೇಕಾಗುತ್ತದೆ. ಅರ್ಧ ಗಂಟೆ ಓಡಿಸಿದ ಮೇಲೆ ಪಿನಿಯನ್ ಮೂತಿಯ ಹತ್ತಿರ ಎಚ್ಚರದಿಂದ ಕೈ ಒಯ್ದು ನೋಡಿ: ಹೌಸಿಂಗಿನ ಉಳಿದ ಭಾಗಕ್ಕಿಂತ ಅಲ್ಲಿ ಬಹಳ ಬಿಸಿ ಇದ್ದರೆ ಆ ಕಾರು ಬೇಡ.